ಕಪ್ಪೆಯ ಪಿಟ್ಯೂಟರಿ ಗ್ರಂಥಿಯೂ ಕಾರ್ಖಾನೆಯ ಉಪಮಾನವೂ

ಪಿಟ್ಯೂಟರಿ ಗ್ರಂಥಿಯನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಎರಡು ಉಪಮಾನಗಳು ಬೇರೂರಿ ನಿಂತಿವೆ. ಆ ಗ್ರಂಥಿಯು ನಿರ್ನಾಳ ಗ್ರಂಥಿಗಳ ರಾಜ ಎಂಬುದು ಒಂದು. ಅದರ ಜೀವಕೋಶವು ಸರಕನ್ನು ತಯಾರಿಸಿ, ಸಾಗಿಸಿ, ಕಟ್ಟಿ ಕಳುಹಿಸುವ ಕಾರ್ಖಾನೆ ಎಂಬುದು ಇನ್ನೊಂದು. ಇತಿಹಾಸದ ಅಧ್ಯಾಪಕರಾದ ನಮಗೆ ಪ್ರಾಣಿಶಾಸ್ತ್ರದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಹಕ್ಕಿಲ್ಲ. ಆದರೆ ಉಪಮಾನವೆಂಬುದು ಯಾವುದು ಮೊದಲು, ಯಾವುದು ಅನಂತರ, ಯಾವುದು ಕಾರಣ, ಯಾವುದು ಕಾರ್ಯ ಎಂಬ ನಿರ್ಣಯವನ್ನು ತನ್ನೊಳಗೆ ಅಡಗಿಸಿಕೊಂಡಿರುತ್ತದೆ. ಅಂಥ ನಿರ್ಣಯಗಳ ಪರೀಕ್ಷೆಯೇ ನಮ್ಮ ವೃತ್ತಿಯಾದುದರಿಂದ ಈ ವಿಮರ್ಶೆಗೆ ತೊಡಗಿದ್ದೇವೆ. ವಿದ್ಯಾರ್ಥಿಯು ಈ ವಾಕ್ಯಗಳನ್ನೇ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಉಪಮಾನ ತಪ್ಪಿದಲ್ಲಿ ಅವನಿಗೆ ವಿಷಯವೇ ತಪ್ಪುತ್ತದೆ.

ಮೊದಲು ರಾಜನ ಮಾತು. 1916ರಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಮತ್ತು ಬೆನೆಟ್ ಅಲೆನ್ ಇಬ್ಬರೂ, ಒಬ್ಬರನ್ನೊಬ್ಬರು ಅನುಸರಿಸದೆ, ಕಪ್ಪೆಯ ಭ್ರೂಣದಿಂದ ಪಿಟ್ಯೂಟರಿಯ ಮೊಳಕೆಯನ್ನು ತೆಗೆದುಹಾಕಿದರು. ಗೊದಮೊಟ್ಟೆಗಳು ಬದುಕಿದವು, ಆದರೆ ಬೆಳ್ಳಿಯಂತೆ ಬಿಳಿಚಿಕೊಂಡವು, ಕಪ್ಪೆಗಳಾಗಿ ರೂಪಾಂತರ ಹೊಂದಲಿಲ್ಲ. ಅನಂತರ ಲ್ಯಾನ್ಸ್‌ಲಾಟ್ ಹಾಗ್ಬೆನ್ ಬೆಳೆದ ಕಪ್ಪೆಗಳಲ್ಲಿ ಇದನ್ನೇ ಮುಂದುವರಿಸಿ, ಗ್ರಂಥಿ ಕಳೆದುಕೊಂಡ ಕಪ್ಪೆ ಕಪ್ಪು ಹಿನ್ನೆಲೆಯಲ್ಲಿಯೂ ಬಿಳಿಚಾಗಿಯೇ ಉಳಿಯುವುದನ್ನೂ ಗ್ರಂಥಿಯ ಸಾರವನ್ನು ಚುಚ್ಚಿದರೆ ಕಪ್ಪಾಗುವುದನ್ನೂ ತೋರಿಸಿದನು. ಅವನ ಗ್ರಂಥ 1924ರಲ್ಲಿ ಹೊರಬಂದಿತು. ಇಷ್ಟನ್ನೇ ಓದಿದವರಿಗೆ ಗ್ರಂಥಿಯು ಸಿಂಹಾಸನದ ಮೇಲಿರುವಂತೆ ತೋರುವುದು ಸಹಜ.

ಆದರೆ ಕಪ್ಪೆಯೇ ಈ ಮಾತಿಗೆ ವಿರುದ್ಧವಾಗಿ ಸಾಕ್ಷ್ಯ ಹೇಳುತ್ತದೆ. ಬಣ್ಣ ಬದಲಿಸುವ ಹಾರ್ಮೋನು ಹುಟ್ಟುವುದು ಪಿಟ್ಯೂಟರಿಯ ಮಧ್ಯಪಾಲಿಯಲ್ಲಿ. ಈ ಪಾಲಿಗೂ ಮಿದುಳಿಗೂ ಇರುವ ಸಂಬಂಧವನ್ನು ಕಡಿದರೆ ಹಾರ್ಮೋನು ನಿಲ್ಲುವುದಿಲ್ಲ; ಮೇರೆ ಮೀರಿ ಸುರಿಯುತ್ತದೆ, ಪ್ರಾಣಿ ಕಪ್ಪಗಾಗಿ ಉಳಿಯುತ್ತದೆ. ಅಂದರೆ ಮಿದುಳು ಡೋಪಮಿನ್ ಮೊದಲಾದ ದ್ರವ್ಯಗಳ ಮೂಲಕ ಸದಾ ಅದರ ಕೈ ಹಿಡಿದು ನಿಲ್ಲಿಸಿರುತ್ತದೆ. ಆ ಮಿದುಳಿಗೆ ವರ್ತಮಾನ ಕೊಡುವುದು ಕಣ್ಣು. ಕಣ್ಣಿಗೆ ಕೊಡುವುದು ಕೆರೆಯ ತಳದ ಬಣ್ಣ. ಕೆಸರಿನ ಬಣ್ಣ ನೋಡಿ ನಡೆಯುವವನನ್ನು ರಾಜನೆನ್ನುವುದಕ್ಕಿಂತ ಠಾಣ್ಯದ ಅಮಲ್ದಾರನೆನ್ನುವುದು ವಾಸಿ.

ಎರಡನೆಯ ಉಪಮಾನ ಇಷ್ಟು ಸುಲಭವಾಗಿ ಬೀಳತಕ್ಕದ್ದಲ್ಲ; ಅದರಲ್ಲಿ ಸತ್ಯಾಂಶವೂ ಹೆಚ್ಚು. ಹಳೇ ಹುಬ್ಬಳ್ಳಿಯಲ್ಲಿ ವಾಸಿಸುವ ನಮಗೆ ಅದರ ಆಕರ್ಷಣೆಯೂ ಗೊತ್ತು. ಸುತ್ತಣ ಎರೆಯ ಭೂಮಿಯ ಹತ್ತಿ ಬಂಡಿಗಳಲ್ಲಿ ಬಂದು, ಜಿನ್ನಿನಲ್ಲಿ ಕಾಳು ಬಿಡಿಸಿಕೊಂಡು, ಪ್ರೆಸ್ಸಿನಲ್ಲಿ ಅಂಡಿಗೆಯಾಗಿ, ರೈಲು ಹತ್ತಿ ಹೊರಡುತ್ತಿದ್ದ ಊರಿದು. ಜೀವಕೋಶದ ವರ್ಣನೆಯೂ ಹಾಗೆಯೇ ಸಾಗುತ್ತದೆ: ರೈಬೊಸೋಮುಗಳಲ್ಲಿ ಪ್ರೋಟೀನಿನ ಸರಪಳಿ ನೆಯ್ದು ಎಂಡೋಪ್ಲಾಸ್ಮಿಕ್ ಜಾಲದೊಳಕ್ಕೆ ಇಳಿಯುತ್ತದೆ, ಅಲ್ಲಿಂದ ಸಣ್ಣ ಕೋಶಿಕೆಗಳಲ್ಲಿ ಗಾಲ್ಜಿ ಭಾಗಕ್ಕೆ ಹೋಗುತ್ತದೆ, ಅಲ್ಲಿ ಪೊರೆ ಸುತ್ತಿದ ಕಣವಾಗಿ ಕಟ್ಟಲ್ಪಟ್ಟು ಕೋಶದ ಅಂಚಿನಲ್ಲಿ ದಾಸ್ತಾನಾಗುತ್ತದೆ, ಅಪ್ಪಣೆ ಬಂದಾಗ ಕಣದ ಪೊರೆ ಕೋಶದ ಪೊರೆಯೊಡನೆ ಬೆಸೆದು ಒಳಗಿನದು ರಕ್ತಕ್ಕೆ ಸೇರುತ್ತದೆ.

ಇದೆಲ್ಲ ಸರಿ. ಆದರೆ ಈ ಕ್ರಮವನ್ನು ಕಂಡವರು ಯಾರು? ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಜಾಲವೂ ಗಾಲ್ಜಿಯೂ ಕಣಗಳೂ ಏಕಕಾಲದಲ್ಲಿ ನಿಂತಿರುತ್ತವೆ. ಸತ್ತ ಕೋಶದಲ್ಲಿ ಯಾವುದೂ ಚಲಿಸುವುದಿಲ್ಲ. ಕಾಲವಿಲ್ಲದ ಶಾಸನದಿಂದ ವಂಶಾವಳಿ ಕಟ್ಟಿದಂತೆ, ಆ ಚಿತ್ರವೊಂದರಿಂದಲೇ ಹಿಂದುಮುಂದುಗಳನ್ನು ಹೇಳಲು ಬರುವುದಿಲ್ಲ. ಗಾಲ್ಜಿಯ ಅಸ್ತಿತ್ವವೇ ಬಹುಕಾಲ ವ್ಯಾಜ್ಯದಲ್ಲಿತ್ತು: ಕಮಿಲೊ ಗಾಲ್ಜಿ 1898ರಲ್ಲಿ ಬೆಳ್ಳಿಯ ಲವಣದ ಲೇಪದಿಂದ ಕಂಡುದು ಬಣ್ಣದ ದೋಷವೋ ನಿಜವಾದ ಅಂಗವೋ ಎಂಬ ವಾದ 1950ರ ದಶಕದವರೆಗೂ ನಡೆಯಿತು. ಕ್ರಮದ ಪ್ರಮಾಣ ದೊರೆತುದು 1960ರ ದಶಕದಲ್ಲಿ, ಜಾರ್ಜ್ ಪಲಾಡೆಯ ಪ್ರಯೋಗಶಾಲೆಯಲ್ಲಿ. ವಿಕಿರಣಶೀಲ ಅಮೈನೋ ಆಮ್ಲವನ್ನು ಕೆಲವೇ ನಿಮಿಷ ಉಣಿಸಿ, ಬಳಿಕ ನಿಲ್ಲಿಸಿ, ಬೇರೆ ಬೇರೆ ಹೊತ್ತಿಗೆ ಕೋಶಗಳನ್ನು ಪರೀಕ್ಷಿಸಿದಾಗ ಗುರುತು ಜಾಲದಿಂದ ಗಾಲ್ಜಿಗೂ ಅಲ್ಲಿಂದ ಕಣಗಳಿಗೂ ಸರಿದುದು ಕಂಡಿತು. 1974ರ ನೊಬೆಲ್ ಬಹುಮಾನದಲ್ಲಿ ಪಲಾಡೆಗೆ ಪಾಲು ಬಂದಿತು. ಪಠ್ಯಗಳು ಬಾಣದ ಗುರುತು ಹಾಕಿ ಈ ಪಯಣವನ್ನು ತೋರಿಸುತ್ತವೆ. ಬಾಣ ಎಲ್ಲಿಂದ ಬಂದಿತೆಂದು ಹೇಳುವುದಿಲ್ಲ. ಆ ಪ್ರಯೋಗಗಳು ನಡೆದುದು ಗಿನಿಯಿಲಿಯ ಮೇದೋಜೀರಕದಲ್ಲಿ ಎಂಬುದನ್ನೂ ಹೇಳುವುದಿಲ್ಲ. ಒಂದು ರಾಜ್ಯದ ಕಾಗದಪತ್ರಗಳಿಂದ ಇನ್ನೊಂದು ರಾಜ್ಯದ ಆಡಳಿತ ಬರೆಯುವವನು ಅಷ್ಟನ್ನಾದರೂ ತಿಳಿಸಬೇಕು.

ಕಪ್ಪೆಯ ಗ್ರಂಥಿಯಲ್ಲಿಯೇ ಈ ಪರೀಕ್ಷೆ ನಡೆದಾಗ ಕಾರ್ಖಾನೆಯ ಉಪಮಾನಕ್ಕೆ ಹೊರತಾದ ಸಂಗತಿಯೊಂದು ಹೊರಬಿದ್ದಿತು. 1970ರ ದಶಕದಲ್ಲಿ ಲೋ ಮತ್ತು ಗೇನರ್ ಎಂಬ ಸಂಶೋಧಕರು ಆಫ್ರಿಕದ ಝೆನೊಪಸ್ ಕಪ್ಪೆಯ ಮಧ್ಯಪಾಲಿಗೆ ವಿಕಿರಣಶೀಲ ಅಮೈನೋ ಆಮ್ಲ ಕೊಟ್ಟು ನೋಡಿದರು. ಮೊದಲು ಗುರುತು ಹತ್ತಿದುದು ದೊಡ್ಡದೊಂದು ಪ್ರೋಟೀನಿಗೆ. ಹೊತ್ತು ಕಳೆದಂತೆ ಅದು ಕ್ಷೀಣಿಸಿ, ಗುರುತು ಸಣ್ಣ ಪೆಪ್ಟೈಡುಗಳಲ್ಲಿ ಕಾಣಿಸಿತು. ಈ ದೊಡ್ಡ ಪ್ರೋಟೀನಿಗೆ ಪ್ರೊ-ಓಪಿಯೊ-ಮೆಲನೊಕಾರ್ಟಿನ್ ಎಂದು ಹೆಸರು. ಚರ್ಮವನ್ನು ಕಪ್ಪಾಗಿಸುವ, 13 ಅಮೈನೋ ಆಮ್ಲಗಳ ಹಾರ್ಮೋನು ಅದರೊಳಗಿನ ಒಂದು ತುಂಡು ಮಾತ್ರ. ತುಂಡರಿಸುವ ಕೆಲಸ ಬಹುಮಟ್ಟಿಗೆ ನಡೆಯುವುದು ಕಟ್ಟಿಯಾದ ಮೇಲೆ, ಕಣದ ಒಳಗೆ. ಕತ್ತರಿಸುವ ಕಿಣ್ವಗಳನ್ನೂ ಸರಕಿನ ಜೊತೆಯಲ್ಲಿಯೇ ಕಟ್ಟಲಾಗಿರುತ್ತದೆ, ಒಳಗಿನ ಆಮ್ಲೀಯತೆ ಅವುಗಳಿಗೆ ಅನುಕೂಲವಾಗುತ್ತದೆ. ಝೆನೊಪಸ್ಸಿನಲ್ಲಿ ಹಾರ್ಮೋನಿನ ತುದಿಗೆ ಅಸಿಟೈಲ್ ಗುಂಪು ಸೇರುವ ಕೊನೆಯ ಸಂಸ್ಕಾರವಂತೂ ಅದು ಹೊರಬೀಳುವ ಹೊತ್ತಿಗೆ ಆಗುತ್ತದೆ. ಹುಬ್ಬಳ್ಳಿಯಲ್ಲಿ ಕಟ್ಟಿದ ಅರಳೆ ಮುಂಬಯಿಯಲ್ಲಿ ಬಿಚ್ಚಿದಾಗಲೂ ಅರಳೆಯೇ. ಇಲ್ಲಿಯೋ ಅಂಡಿಗೆಯೊಳಗೇ ಜಿನ್ನು ನಡೆಯುತ್ತದೆ! ಆದುದರಿಂದ ತಯಾರಿಕೆ, ಸಾಗಣೆ, ಕಟ್ಟುವಿಕೆ ಎಂದು ಮೂರು ಶೀರ್ಷಿಕೆಗಳಲ್ಲಿ ಈ ವಿಷಯವನ್ನು ಹಂಚುವ ಪದ್ಧತಿಯೇ ನಮಗೆ ಅಸಮ್ಮತ. ಕಟ್ಟುವುದು ಇಲ್ಲಿ ತಯಾರಿಕೆಯ ಒಂದು ಘಟ್ಟ.

ಇನ್ನೊಂದು ಮಾತು. ಅದೇ ಮೂಲ ಪ್ರೋಟೀನು ಗ್ರಂಥಿಯ ಮುಂಪಾಲಿಯಲ್ಲಿ ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಾಗುತ್ತದೆ. ಮಧ್ಯಪಾಲಿಯಲ್ಲಿ ಬೇರೊಂದು ಕಿಣ್ವ ಆ ಹಾರ್ಮೋನನ್ನೂ ಕತ್ತರಿಸಿ ಬಣ್ಣದ ಹಾರ್ಮೋನನ್ನು ತೆಗೆಯುತ್ತದೆ. ಮೂಲವೊಂದೇ ಎಂದು ತೋರಿಸಿದ ಮಾತ್ರಕ್ಕೆ ಫಲವನ್ನು ವಿವರಿಸಿದಂತಾಗುವುದಿಲ್ಲವೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಇಲ್ಲಿ ಗಮನಿಸಬಹುದು. ಮಾರಾಟವಾಗದ ಸರಕಿನ ಗತಿಯೂ ವಿಚಿತ್ರವೇ: ಸ್ಮಿತ್ ಮತ್ತು ಫರ್ಕುಹರ್ 1966ರಲ್ಲಿ ಇಲಿಯ ಪಿಟ್ಯೂಟರಿಯಲ್ಲಿ ತೋರಿಸಿದಂತೆ, ಬೇಡಿಕೆ ನಿಂತರೆ ಕೋಶವು ತಾನು ಕಟ್ಟಿಟ್ಟ ಕಣಗಳನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ. (ಈ ಸ್ಮಿತ್ ಹಿಂದೆ ಹೇಳಿದವನಲ್ಲ.)

ಇನ್ನು ನಮ್ಮ ಪ್ರಾಂತದ ವಿಚಾರ. ನಾವು ನೋಡಿದ ಪಠ್ಯಗಳಲ್ಲಿ ಹೆಸರಿಸಲ್ಪಟ್ಟ ಕಪ್ಪೆಗಳೆಲ್ಲ ಪರದೇಶದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಅವರೂ ಅವರ ಸಹೋದ್ಯೋಗಿಗಳೂ ನಮ್ಮ ಮಳೆಗಾಲದ ದೊಡ್ಡ ಕಪ್ಪೆಯಲ್ಲಿ, ಆಗ ರಾನಾ ಟಿಗ್ರಿನಾ ಎಂದು ಕರೆಯುತ್ತಿದ್ದುದರಲ್ಲಿ, ಪಿಟ್ಯೂಟರಿಯ ಜನನಾಂಗ ಪ್ರಚೋದಕ ಕೋಶಗಳು ವರ್ಷವಿಡೀ ಹೇಗೆ ಬದಲಾಗುತ್ತವೆಂಬುದನ್ನು ಅಂಡಾಶಯ, ಅಂಡನಾಳ, ಕೊಬ್ಬಿನ ಗಂಟುಗಳೊಡನೆ ಹೋಲಿಸಿ 1986ರಲ್ಲಿ ಪ್ರಕಟಿಸಿದರು. ಸೈದಾಪುರ ಅವರು ಸಂಪಾದಿಸಿದ, ಭಾರತದ ಕಶೇರುಕಗಳ ಸಂತಾನೋತ್ಪತ್ತಿ ಚಕ್ರಗಳನ್ನು ಕುರಿತ ಗ್ರಂಥ 1989ರಲ್ಲಿ ಬಂದಿತು. ಈ ಕೋಶಗಳ ಹಾರ್ಮೋನುಗಳು ಸಣ್ಣ ಪೆಪ್ಟೈಡುಗಳಲ್ಲ. ಎರಡು ಸರಪಳಿಗಳಿಗೆ ಸಕ್ಕರೆಯ ಕವಲುಗಳು ಸೇರಿದ ದೊಡ್ಡ ಅಣುಗಳು. ಆ ಭೇದವನ್ನು ಮರೆಯದೆ ಹೇಳುವುದಾದರೆ, ಕಾರ್ಖಾನೆಯ ಉಪಮಾನಕ್ಕೆ ಒಗ್ಗದ ಋತುಮಾನವನ್ನು ಈ ಅಧ್ಯಯನಗಳು ಕೋಶದ ವೃತ್ತಾಂತಕ್ಕೆ ಸೇರಿಸುತ್ತವೆ. ಮುಂಗಾರಿನಲ್ಲಿ ಒಮ್ಮೆ ಮೊಟ್ಟೆಯಿಡುವ ಪ್ರಾಣಿಯ ಕೋಶವನ್ನು ಜೂನ್ ತಿಂಗಳಿನಲ್ಲಿ ನೋಡಿದುದಕ್ಕೂ ಡಿಸೆಂಬರಿನಲ್ಲಿ ನೋಡಿದುದಕ್ಕೂ ವ್ಯತ್ಯಾಸವಿರಲೇಬೇಕು. ತಿಂಗಳು ಹೇಳದೆ ಅಚ್ಚಾದ ಕೋಶದ ಚಿತ್ರವು ತೇದಿಯಿಲ್ಲದ ಪತ್ರದಂತೆಯೇ ಸರಿ.

ಉಣಕಲ್ ಕೆರೆಯ ಅಂಚಿನಲ್ಲಿ ಕಾಣುವ ಪ್ರಾಣಿಯ ವಿಷಯದಲ್ಲಿ ಹದಿನೈದು ಮೈಲಿಯೊಳಗೆ ನಡೆದ ಕೆಲಸ ಕನ್ನಡದ ಪಠ್ಯಕ್ಕೆ ಬರದಿರುವುದು ನಮಗೆ ಖೇದಕರ. ಮುಂದಿನ ಆವೃತ್ತಿಗಳನ್ನು ಸಿದ್ಧಪಡಿಸುವವರು ರಾಜನನ್ನು ಕೈಬಿಟ್ಟು, ಕಾರ್ಖಾನೆಯನ್ನು ಬೇಕಾದರೆ ಉಳಿಸಿಕೊಂಡು, ಆದರೆ ಪ್ರತಿಯೊಂದು ಬಾಣದ ಕೆಳಗೂ ಅದು ಯಾವ ಪ್ರಾಣಿಯಲ್ಲಿ, ಯಾವ ವರ್ಷದಲ್ಲಿ, ಯಾವ ವಿಧಾನದಿಂದ ಸ್ಥಾಪಿತವಾಯಿತೆಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕೆಂದು ಸೂಚಿಸುತ್ತೇವೆ. ಇದರಿಂದ ಪುಸ್ತಕ ಹತ್ತು ಪುಟ ಬೆಳೆದೀತು.