ಒಂದು ಗುಟುಕು ಗಿಫ್ಟ್

ಗಿಫ್ಟ್. ಮೆಲ್ಲಗೆ ಒಮ್ಮೆ ಹೇಳಿ ನೋಡಿ. ಗಂಟಲ ಬಳಿ ಗಟ್ಟಿಯಾಗಿ ಹುಟ್ಟುವ 'ಗ', ತುಟಿಯಂಚಿನಲ್ಲಿ ಉಸಿರಾಗಿ ಸೋರುವ 'ಫ್', ಕೊನೆಗೆ ಟಪ್ಪೆಂದು ಮುಚ್ಚಿಕೊಳ್ಳುವ 'ಟ್'. ಮುಚ್ಚಳ ಬಿಗಿಯಾಗಿ ಕೂತ ಪುಟ್ಟ ಡಬ್ಬಿಯಂಥ ಪದ. ನಾವು ಹುಟ್ಟುಹಬ್ಬಕ್ಕೂ ಗೃಹಪ್ರವೇಶಕ್ಕೂ ಬಳಸಿ ಸವೆಸಿರುವ ಈ ಡಬ್ಬಿಯನ್ನು ಯುರೋಪಿನ ಒಂದೊಂದು ಮನೆಯಲ್ಲೂ ತೆರೆದು ನೋಡುವುದೆಂದರೆ ನನಗೆ ಎಷ್ಟು ಸಲವಾದರೂ ತೀರದ ಸುಖ.

ಜರ್ಮನ್ನಿನಲ್ಲಿ ಅದರೊಳಗೆ ಇರುವುದು ವಿಷ. ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ನಿನಲ್ಲಿ ವಿಷವೂ ಹೌದು, 'ಮದುವೆಯಾದ' ಎಂಬ ಅರ್ಥವೂ ಹೌದು. ಐಸ್‌ಲ್ಯಾಂಡಿನವರ 'ಗಿಫ್ತಾ' ಎಂದರೆ ಅದೃಷ್ಟ. ಗಂಟಲು ಕೆರೆದಂತೆ 'ಗ' ನುಡಿಯುವ ಡಚ್ಚರಲ್ಲಿ ದಾನ 'ಗಿಫ್ಟ್', ವಿಷ 'ಗಿಫ್'; ನಡುವೆ ಒಂದು 'ಟ್' ಮಾತ್ರ ಕಾವಲು.

ಬೇರು ಒಂದೇ: ಕೊಡು. ಇಂಗ್ಲಿಷಿನ 'ಗಿವ್', ಜರ್ಮನ್ನಿನ 'ಗೇಬೆನ್' ಚಿಗುರಿದ್ದೂ ಅಲ್ಲಿಂದಲೇ. ಈ ಪದ ಹೇಳುವುದು 'ಕೊಟ್ಟದ್ದು' ಎಂದಷ್ಟೇ. ಏನು ಕೊಟ್ಟರು, ಯಾವ ಮನಸ್ಸಿನಿಂದ ಕೊಟ್ಟರು ಎಂದು ಬಾಯಿಬಿಡುವುದಿಲ್ಲ. ಆ ಮೌನವೇ ಇದರ ಸೊಗಸು. ಮದುವೆಯ ಅರ್ಥ ಕನ್ನಡದ ಕಿವಿಗೆ ಹೊಸದೇನಲ್ಲ, "ಮಗಳನ್ನು ಯಾವೂರಿಗೆ ಕೊಟ್ಟಿರಿ?" ಎಂದು ನಾವೂ ಕೇಳುತ್ತೇವೆ. ಹಳೆಯ ಇಂಗ್ಲಿಷಿನಲ್ಲೂ ಇದು ವಧುವಿಗಾಗಿ ತೆರುತ್ತಿದ್ದ ತೆರ, ಬಹುವಚನದಲ್ಲಿ ಮದುವೆ. ಆಗ ಅದರ ಉಚ್ಚಾರ 'ಯಿಫ್ಟ್'. ಗಟ್ಟಿ 'ಗ' ಕೊಟ್ಟವರು ಸ್ಕ್ಯಾಂಡಿನೇವಿಯಾದಿಂದ ಬಂದ ನಾರ್ಸ್ ಜನ. ಮುಂದೆ ಸ್ವೀಡನ್ನಿನವರ ನಾಲಿಗೆಯಲ್ಲೇ ಅದು ಕರಗಿ, ಇಂದು ಅಲ್ಲಿ ಕೇಳಿಸುವುದು 'ಯಿಫ್ಟ್'!

ಇನ್ನು ವಿಷ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ವೈದ್ಯ ಅಳೆದು ಕೊಡುವ ಮದ್ದಿಗೆ ಗ್ರೀಕರು 'ದೋಸಿಸ್' ಎಂದರು, ಅಂದರೆ ಕೊಡುವಿಕೆ. ನಮ್ಮ ಔಷಧದ ಚೀಟಿಯ 'ಡೋಸ್' ಅದೇ, ಅದರ ಬೇರು ಸಂಸ್ಕೃತದ 'ದಾನ'ಕ್ಕೆ ಒಡಹುಟ್ಟು. ಲ್ಯಾಟಿನ್ ಮೂಲಕ ಬಂದ ಆ ಅರ್ಥವನ್ನು ಜರ್ಮನ್ನರು ತಮ್ಮ 'ಗಿಫ್ಟ್' ಎಂಬ ಅಚ್ಚಿಗೆ ಎರೆದುಕೊಂಡರು. ಕೊಟ್ಟ ಮದ್ದು ಮೆಲ್ಲಗೆ ಕೊಲ್ಲುವ ಮದ್ದಾಯಿತು. "ಯಾರೋ ಮದ್ದು ಹಾಕಿದ್ದಾರೆ" ಎಂದು ನಮ್ಮ ಹಳ್ಳಿಗಳಲ್ಲಿ ದನಿ ತಗ್ಗಿಸಿ ಹೇಳುತ್ತಾರಲ್ಲ, ವಿಷದ ಹೆಸರೆತ್ತದ ಅದೇ ಅಂಜಿಕೆ ಈ ಪದದಲ್ಲೂ ಇದೆ. 1538ರಲ್ಲಿ ವೈದ್ಯ ಪ್ಯಾರಾಸೆಲ್ಸಸ್, ಎಲ್ಲ ವಸ್ತುವಿನಲ್ಲೂ ವಿಷವಿದೆ, ಅದು ವಿಷವಾಗದಂತೆ ಕಾಯುವುದು ಪ್ರಮಾಣವೊಂದೇ ಎಂದು ಜರ್ಮನ್ನಿನಲ್ಲಿ ಬರೆದ. ಅವನ ಆ ಮಾತಿನಲ್ಲಿ ವಿಷಕ್ಕೆ 'ಗಿಫ್ಟ್', ಪ್ರಮಾಣಕ್ಕೆ 'ದೋಸಿಸ್'. ಎರಡರ ಸಿಪ್ಪೆ ಸುಲಿದರೂ ಒಳಗೆ ಸಿಗುವುದು ಕೊಡುವ ಕೈ. ಕೊಡುವಿಕೆಯೇ ಕೊಡುವಿಕೆಯನ್ನು ತೂಗುತ್ತಿದೆ. ಆ ಮಾತನ್ನು ನಾನು ನಾಲಿಗೆಯ ಮೇಲೆ ಎಷ್ಟು ಹೊತ್ತು ಇಟ್ಟುಕೊಂಡರೂ ರುಚಿ ಇಳಿಯುವುದಿಲ್ಲ.

ಹಾಗಾದರೆ ಜರ್ಮನ್ನರು ಉಡುಗೊರೆಗೆ ಏನನ್ನುತ್ತಾರೆ? 'ಗೆಷೆಂಕ್'. ಅದು ಬಟ್ಟಲಿಗೆ ಪಾನೀಯ ಎರೆಯುವುದಕ್ಕಿದ್ದ ಕ್ರಿಯಾಪದದಿಂದ ಬಂದದ್ದು. ಬಾಗಿಲಿಗೆ ಬಂದ ಅತಿಥಿಗೆ ಮೊದಲು ಎರೆದ ಬಟ್ಟಲಿನ ತಂಪು ಅದರಲ್ಲಿನ್ನೂ ಉಳಿದಿದೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1924ರಲ್ಲಿ 'ಗಿಫ್ಟ್, ಗಿಫ್ಟ್' ಎಂಬ ಪುಟ್ಟ ಪ್ರಬಂಧ ಬರೆದು, ಹಳೆಯ ಜರ್ಮಾನಿಕ್ ಜನರಲ್ಲಿ ಕೊಡುಗೆಯೆಂದರೆ ಮುಖ್ಯವಾಗಿ ಒಟ್ಟಿಗೆ ಕುಡಿಯುವ ಪಾನೀಯ ಎಂದು ತೋರಿಸಿದ. ಬಟ್ಟಲಲ್ಲಿ ಪ್ರೀತಿಯಿದೆಯೋ ವಿಷವಿದೆಯೋ, ಗುಟುಕು ಇಳಿಯುವವರೆಗೆ ಯಾರಿಗೂ ತಿಳಿಯದು.

ಜರ್ಮನ್ನಿನಲ್ಲಿ ವಿಷ ಈಗ ನಪುಂಸಕ ಲಿಂಗ: 'ದಾಸ್ ಗಿಫ್ಟ್'. ಕೊಡುಗೆಯ ಅರ್ಥದ ಹಳೆಯ 'ಡೀ ಗಿಫ್ಟ್' ಸ್ತ್ರೀಲಿಂಗವಾಗಿತ್ತು, ಬಳಕೆಯಿಂದ ಜಾರಿಹೋಯಿತು. ಹೋದರೂ ಒಂದು ಸಮಾಸದಲ್ಲಿ ಬೆಚ್ಚಗೆ ಉಳಿದುಕೊಂಡಿದೆ: 'ಡೀ ಮಿಟ್‌ಗಿಫ್ಟ್', ಮಗಳ ಜೊತೆ ಕಳಿಸುವ ಬಳುವಳಿ. ಹೊಸ ಮನೆಗೆ ಹೊರಟ ಹೆಣ್ಣಿನ ಪೆಟ್ಟಿಗೆಯ ತಳದಲ್ಲಿ, ಸೀರೆಗಳ ನಡುವೆ ಅಜ್ಜಿಯ ಒಡವೆಯಿಟ್ಟ ಹಾಗೆ.