ಬಣ್ಣದ ಕೆಳಗಿನ ಬೆಂಜ್

ಮರ್ಸಿಡಿಸ್-ಬೆಂಜ್ 560 ಎಸ್‌ಎಲ್, 1987ರ ಮಾಡೆಲ್, ಕೆಂಪು ಬಣ್ಣ, ಕ್ಯಾಲಿಫೋರ್ನಿಯಾದ ಕಾರು, ಕಡಿಮೆ ಓಡಿದೆ, ಎರಡೂ ಟಾಪ್ ಇವೆ. ಅಮೆರಿಕದ, ಜರ್ಮನಿಯ ಹಳೆ ಕಾರುಗಳ ಮಾರುಕಟ್ಟೆಯಲ್ಲಿ ಇಂಥ ಜಾಹೀರಾತಿಗೆ ಬರವಿಲ್ಲ. ಟಾಪ್ ತೆಗೆದು ಸಂಜೆಬಿಸಿಲಿಗೆ ನಿಲ್ಲಿಸಿದ ಫೋಟೋ ಇರುತ್ತದೆ, ಚರ್ಮದ ಸೀಟಿನದಿರುತ್ತದೆ, ತೊಳೆದು ಒರೆಸಿದ ಇಂಜಿನ್ನಿನದೂ ಇರುತ್ತದೆ. ಕಾರಿನ ಅಡಿಭಾಗದ ಫೋಟೋ ಮಾತ್ರ ಅಪರೂಪ. ಮಾರುವವರು ಯಾವುದನ್ನು ಹೊಗಳುತ್ತಾರೋ ಈ ಕಾರಿನ ಹೆಚ್ಚುಗಾರಿಕೆ ಅಲ್ಲಿಲ್ಲ ಎಂಬುದೇ ನನ್ನ ತಕರಾರು.

ಮೊದಲನೆಯದಾಗಿ, ಇದು ಅಪರೂಪದ ಕಾರಲ್ಲ. ಆರ್107 ಎಂಬ ಈ ಸರಣಿ 1971ರಲ್ಲಿ 350 ಎಸ್‌ಎಲ್ ಆಗಿ ಹೊರಬಂತು. 1989ರವರೆಗೆ ಸಿಂಡೆಲ್‌ಫಿಂಗೆನ್ ಕಾರ್ಖಾನೆಯಲ್ಲಿ 2,37,287 ಕಾರುಗಳು ತಯಾರಾದವು. ಅರ್ಧಕ್ಕಿಂತ ಹೆಚ್ಚು ಅಮೆರಿಕಕ್ಕೇ ಹೋದವು. ಒಂದೇ ಆಕಾರ ಹದಿನೆಂಟು ವರ್ಷ ಮಾರಾಟದಲ್ಲಿ ಉಳಿದದ್ದೇ ದೊಡ್ಡ ಸಂಗತಿ. ‘ಡಲ್ಲಾಸ್’ ಧಾರಾವಾಹಿಯ ಬಾಬಿ ಯೂಯಿಂಗ್‌ನ ಕೆಂಪು 450 ಎಸ್‌ಎಲ್, 1980ರ ‘ಅಮೆರಿಕನ್ ಜಿಗೋಲೊ’ ಚಿತ್ರದಲ್ಲಿ ರಿಚರ್ಡ್ ಗಿಯರ್ ಓಡಿಸಿದ ಕಪ್ಪು 450 ಎಸ್‌ಎಲ್, ಇವೆಲ್ಲ ಸೇರಿ ಅದನ್ನು ಸಿರಿವಂತಿಕೆಯ ಚಿಹ್ನೆ ಮಾಡಿದವು. ಇವತ್ತು ಕೇಳುವ ಬೆಲೆಯಲ್ಲಿ ಆ ಪರದೆಯ ಪಾಲೂ ಸೇರಿರುತ್ತದೆ.

ಆದರೆ ಈ ಕಾರು ಹುಟ್ಟಿದ್ದು ಮೋಜಿನ ಕಾಲದಲ್ಲಲ್ಲ, ಭಯದ ಕಾಲದಲ್ಲಿ. ಕಾರು ಪಲ್ಟಿಯಾದರೆ ಒಳಗಿದ್ದವರ ಗತಿ ಏನು ಎಂದು ಅಮೆರಿಕದ ಸುರಕ್ಷತಾ ಅಧಿಕಾರಿಗಳು ಕೇಳತೊಡಗಿದ್ದರು. ಚಾವಣಿಯಿಲ್ಲದ ಕಾರುಗಳನ್ನು ನಿಯಮವೇ ಮುಗಿಸಿಬಿಡಬಹುದೆಂಬ ಆತಂಕ ಎಲ್ಲೆಡೆ ಇತ್ತು. ಅಲ್ಲಿನ ಕಂಪನಿಗಳು ಒಂದೊಂದಾಗಿ ಕನ್ವರ್ಟಿಬಲ್ ಕೈಬಿಟ್ಟವು. 1976ರ ಕ್ಯಾಡಿಲಾಕ್ ಎಲ್‌ಡೊರಾಡೊವನ್ನು ಅಮೆರಿಕದ ಕೊನೆಯ ಕನ್ವರ್ಟಿಬಲ್ ಎಂದೇ ಮಾರಲಾಯಿತು. ಮರ್ಸಿಡಿಸ್ ಇಂಜಿನಿಯರುಗಳು ಹಿಂದೆ ಸರಿಯಲಿಲ್ಲ. ಮುಂದಿನ ಗಾಜಿನ ಎರಡೂ ಬದಿಯ ಕಂಬಗಳ ಬಲವನ್ನು ಹಿಂದಿಗಿಂತ ಅರ್ಧದಷ್ಟು ಹೆಚ್ಚಿಸಿದರು, ಗಾಜನ್ನು ಅದರ ಚೌಕಟ್ಟಿಗೆ ಅಂಟಿಸಿಯೇ ಬಿಟ್ಟರು. ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಆಕ್ಸಲ್ ಮೇಲ್ಭಾಗಕ್ಕೆ ತಂದು ಗುದ್ದಿನಿಂದ ಕಾಪಾಡಿದರು. ಸ್ಟೀರಿಂಗಿನ ನಡುವೆ ಅಗಲವಾದ ಮೆತ್ತೆ ಕೂರಿಸಿದರು. ಹಿಂದಿನ ದೀಪಗಳ ಅಡ್ಡಗೀರುಗಳನ್ನು ಎಷ್ಟೋ ಜನ ಅಲಂಕಾರವೆಂದೇ ತಿಳಿದಿದ್ದಾರೆ. ರಸ್ತೆಯ ಕೆಸರು ದೀಪಕ್ಕೆ ಹಾರಿದಾಗ ಉಬ್ಬಿನ ಮೇಲೆ ಕೂರುತ್ತದೆ, ತಗ್ಗಿನ ಭಾಗ ಬೆಳಗುತ್ತಲೇ ಇರುತ್ತದೆ. ಸೌಂದರ್ಯ ಇಲ್ಲಿ ಕೆಲಸದಿಂದಲೇ ಹುಟ್ಟಿದೆ. ಇಂಥ ಕಸುಬುದಾರಿಕೆಯನ್ನು ನಾನು ಯಾವ ಕ್ರೋಮ್ ಪಟ್ಟಿಗಿಂತಲೂ ಮೇಲೆಂದು ಎಣಿಸುತ್ತೇನೆ.

ಈ ಬಿಗಿತಕ್ಕೆ ತೆತ್ತ ಬೆಲೆ ತೂಕ. ಹಿಂದಿನ ‘ಪಗೋಡಾ’ ಎಸ್‌ಎಲ್‌ನ ಹಗುರವಾದ ನಡೆ ಇದಕ್ಕಿಲ್ಲ. ಸ್ಟೀರಿಂಗ್ ನಿಧಾನ, ಗೇರ್ ಬಹುಪಾಲು ಆಟೋಮ್ಯಾಟಿಕ್. ಇದನ್ನು ಸ್ಪೋರ್ಟ್ಸ್ ಕಾರ್ ಎಂದು ಮಾರುವುದು ಕಾರಿಗೇ ಮಾಡುವ ಅನ್ಯಾಯ. ನೂರಾರು ಮೈಲಿ ಆಯಾಸವಿಲ್ಲದೆ ಕರೆದೊಯ್ಯುವುದು ಇದರ ಗುಣ, ಅದನ್ನು ಇದು ಇವತ್ತಿಗೂ ಘನತೆಯಿಂದ ಮಾಡುತ್ತದೆ.

ಕಾರಿನ ಸತ್ವವೆಲ್ಲ ಉಕ್ಕಿನ ಒಡಲಲ್ಲಿರುವಾಗ ಕೊಳ್ಳುವವರು ನೋಡಬೇಕಾದದ್ದೂ ಅದನ್ನೇ. ಜಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಚಕ್ರದ ಕಮಾನು, ಡಿಕ್ಕಿಯ ತಳ, ಎಲ್ಲ ಕಡೆಯೂ ತುಕ್ಕು ಹಿಡಿಯುತ್ತದೆ. ಅತ್ಯಂತ ಕೆಟ್ಟದ್ದು ಬಾನೆಟ್ಟಿನ ಹಿಂಭಾಗ, ಗಾಜಿನ ಬುಡದಲ್ಲಿ. ಮಳೆನೀರು ಹರಿದುಹೋಗುವ ತೂತು ಎಲೆ-ಕಸದಿಂದ ಮುಚ್ಚಿಕೊಂಡರೆ ನೀರು ಅಲ್ಲೇ ನಿಂತು ಹೀಟರ್ ಪೆಟ್ಟಿಗೆಯ ಕೆಳಗಿನ ತಗಡನ್ನು ತಿನ್ನುತ್ತದೆ. ಹೊರಗೆ ಏನೂ ಕಾಣದು. ಪಾದದ ಬಳಿ ಕಾರ್ಪೆಟ್ ಒದ್ದೆಯಾದಾಗಲೇ ಗೊತ್ತಾಗುವುದು, ಆ ಹೊತ್ತಿಗೆ ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಿ ವೆಲ್ಡಿಂಗ್ ಮಾಡಿಸಬೇಕಾಗಿರುತ್ತದೆ. ಹೊಸ ಪೇಂಟ್ ಹೊಡೆಸಿದ ಕಾರೆಂದರೆ ನನಗೆ ಅನುಮಾನ ಹೆಚ್ಚುವುದು ಇದಕ್ಕೇ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈಶಾನ್ಯ ಅಮೆರಿಕದಲ್ಲಿ ಓಡಾಡಿದ ಕಾರು ಅಡಿಯಿಂದ ಸವೆದಿರುತ್ತದೆ. ಒಣಹವೆಯ ಕ್ಯಾಲಿಫೋರ್ನಿಯಾದ್ದಾದರೆ ಡ್ಯಾಶ್‌ಬೋರ್ಡ್ ಬಿಸಿಲಿಗೆ ಬಿರಿದಿರಬಹುದು, ಚರ್ಮ ಒಡೆದಿರಬಹುದು. ಎರಡನೆಯದು ದುಡ್ಡಿನಿಂದ ಸರಿಯಾಗುವ ಕಷ್ಟ.

ಇಂಜಿನ್ ಬಗ್ಗೆ ಇಷ್ಟು ಹೆದರಬೇಕಿಲ್ಲ, ಮಾಡೆಲ್ ಆರಿಸುವಾಗ ಎಚ್ಚರವಿದ್ದರೆ ಸಾಕು. ಅಮೆರಿಕದ 1975, 76ರ 450 ಎಸ್‌ಎಲ್‌ಗಳಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಾನೆಟ್ ಕೆಳಗೇ ಇಟ್ಟಿದ್ದರಿಂದ ಇಂಜಿನ್ ಜಾಗವೆಲ್ಲ ಕುಲುಮೆಯಾಗುತ್ತಿತ್ತು. 1981ರಿಂದ 83ರ 380 ಎಸ್‌ಎಲ್‌ಗೆ ಒಂಟಿ ಸಾಲಿನ ಟೈಮಿಂಗ್ ಚೈನ್. ಅದು ತುಂಡಾದರೆ ಇಂಜಿನ್ನೇ ಹಾಳು. ಜೋಡಿ ಸಾಲಿನ ಚೈನ್ ಹಾಕಿಸಿದ ಬಿಲ್ ತೋರಿಸದ ಮಾರಾಟಗಾರನ ಜೊತೆ ಚೌಕಾಸಿಯೇ ಬೇಡ. ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳಿಗೆಂದೇ 1986ರಿಂದ ಕಳಿಸಿದ 560 ಎಸ್‌ಎಲ್, ಅಮೆರಿಕದಲ್ಲಿ 227 ಅಶ್ವಶಕ್ತಿಯದು, ಈ ಎರಡೂ ತೊಂದರೆಯಿಂದ ದೂರ. ಅದಕ್ಕೆ ಬೇಡಿಕೆ ಹೆಚ್ಚಿರುವುದು ನ್ಯಾಯವೇ.

ಬಂಪರ್ ವಿಷಯದಲ್ಲಿ ನನ್ನ ನಿಲುವು ಎಲ್ಲರಿಗೂ ಒಪ್ಪಿಗೆಯಾಗಲಾರದು. 1974ರಿಂದ ಅಮೆರಿಕದ ನಿಯಮಕ್ಕಾಗಿ ಈ ಕಾರಿಗೆ ಹಿಂದೆ ಮುಂದೆ ಉದ್ದನೆಯ ಬಂಪರ್ ಕೂರಿಸಿದರು. ಅದು ಕಾರಿನ ಆಕಾರವನ್ನು ಕೆಡಿಸಿತು, ನಿಜ. ಈಗ ಅನೇಕರು ಅದನ್ನು ಬಿಚ್ಚಿ ಯುರೋಪಿನ ಸಣ್ಣ ಬಂಪರ್, ಅಗಲ ದೀಪ ಹಾಕಿಸಿ ‘ಮೇಲ್ದರ್ಜೆ’ ಎಂದು ದುಡ್ಡು ಹೆಚ್ಚು ಕೇಳುತ್ತಾರೆ. ಕಣ್ಣಿಗೆ ಹಿತವೇ. ಆದರೂ ಲಾಸ್ ಏಂಜಲೀಸ್‌ನಲ್ಲಿ ಬಾಳಿದ ಕಾರಿಗೆ ಸ್ಟುಟ್‌ಗಾರ್ಟಿನ ಮುಖ ಕೊಟ್ಟು ಅದರ ಬಾಳನ್ನೇ ಅಳಿಸುವುದು ನನಗೆ ಒಪ್ಪಿಗೆಯಿಲ್ಲ. ಬಿಚ್ಚಿದ ಭಾಗಗಳನ್ನು ಜೋಪಾನವಾಗಿಟ್ಟು ಜೊತೆಗೇ ಕೊಡುವವರಾದರೆ ಮಾತು ಬೇರೆ.

ಕಾರ್ಖಾನೆಯಿಂದ ಹೊರಬಿದ್ದಾಗ ಯಾವ ಬಣ್ಣ, ಯಾವ ಒಳಹೊದಿಕೆ, ಯಾವ ಇಂಜಿನ್ ನಂಬರ್ ಇತ್ತೆಂದು ಹೇಳುವ ಡೇಟಾ ಕಾರ್ಡ್ ಪ್ರತಿ ಕಾರಿಗೂ ಇತ್ತು. ಕಾರಿನ ಮೇಲಿರುವ ಗುರುತುಗಳೊಂದಿಗೆ ಅದನ್ನು ಹೋಲಿಸಿದರೆ ಜಾಹೀರಾತಿನ ಅರ್ಧ ಮಾತುಗಳ ಬಂಡವಾಳ ಗೊತ್ತಾಗುತ್ತದೆ. ಹಾರ್ಡ್‌ಟಾಪ್ ಇಳಿಸಲು ಇಬ್ಬರು ಬೇಕು. ಆ ಶ್ರಮಕ್ಕೆ ಅಂಜಿ ಅದನ್ನು ವರ್ಷಗಟ್ಟಲೆ ತೆಗೆಯದೆ ಬಿಟ್ಟಿದ್ದರೆ ಒಳಗೆ ಮಡಚಿಟ್ಟ ಬಟ್ಟೆಯ ಟಾಪ್ ಸುಕ್ಕಾಗಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿರುತ್ತದೆ. ‘ಎರಡೂ ಟಾಪ್ ಇವೆ’ ಎಂದವರಿಂದ ಎರಡನ್ನೂ ಹಾಕಿಸಿ ನೋಡಬೇಕು. ಆಮೇಲೆ ಕಾರನ್ನು ಲಿಫ್ಟಿಗೆ ಏರಿಸಬೇಕು. ಬಣ್ಣ ಮಾಸಿದ, ಸೀಟು ಬಿರಿದ, ಆದರೆ ತಳದಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡ್ ಗುರುತುಗಳು ಸಾಲಾಗಿ ಉಳಿದಿರುವ ಕಾರಿಗೆ, ಕನ್ನಡಿಯಂತೆ ಹೊಳೆಯುವ ಕೆಂಪು ಕಾರಿಗಿಂತ ಹೆಚ್ಚು ಹಣ ಕೊಡಲು ನಾನು ಹಿಂಜರಿಯುವುದಿಲ್ಲ.