ಆಟ ನಿಂತದ್ದು ಎಲ್ಲಿ?

ಹಳೇ ಕಂಪ್ಯೂಟರಿನಲ್ಲಿ ಆಟ ಕೈಕೊಟ್ಟರೆ ಎಲ್ಲರೂ ಬೈಯುವುದು ಯಂತ್ರದ ವಯಸ್ಸನ್ನು. ಮೂವತ್ತು ವರ್ಷದ ಬೋರ್ಡು, ಇನ್ನೇನಾಗುತ್ತೆ ಅಂತ. ಪಾಪ, ಎಷ್ಟೋ ಸಲ ಯಂತ್ರದ ತಪ್ಪೇ ಇರುವುದಿಲ್ಲ. ಆಟ ಬರೆದವರು ಯಂತ್ರದ ಬಗ್ಗೆ ಏನನ್ನೋ ನಂಬಿಕೊಂಡಿದ್ದರು, ಆ ನಂಬಿಕೆ ಕಾಲಕ್ರಮೇಣ ಸುಳ್ಳಾಗಿರುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಹುಡುಕುವ ಮೊದಲು, ಆಟ ಸರಿಯಾಗಿ ಯಾವ ಘಳಿಗೆಯಲ್ಲಿ ನಿಂತಿತು ಅನ್ನುವುದನ್ನು ಗಮನಿಸಿ.

ಎಪಿಕ್ ಮೆಗಾಗೇಮ್ಸ್‌ನ ‘ಜಾಝ್ ಜಾಕ್‌ರ್ಯಾಬಿಟ್’ (1994) ತೆಗೆದುಕೊಳ್ಳಿ. 486 ಪ್ರೊಸೆಸರಿನಲ್ಲಿ ಆ ಆಟದ ಹಸಿರು ಮೊಲ ಚೆನ್ನಾಗಿಯೇ ಓಡುತ್ತದೆ. ಅದನ್ನೇ ಪೆಂಟಿಯಂ 2ಕ್ಕೆ ಹಾಕಿದರೆ ಶುರುವಾಗುವ ಮೊದಲೇ ‘ರನ್‌ಟೈಮ್ ಎರರ್ 200’ ಎಂದು ಉಗುಳಿ ಡಾಸ್‌ಗೆ ಮರಳುತ್ತದೆ. 200 ಅಂದರೆ ಸೊನ್ನೆಯಿಂದ ಭಾಗಿಸಿದ ದೋಷ. ತಮಾಷೆಯೆಂದರೆ ಅಲ್ಲಿ ಸೊನ್ನೆಯೇ ಇಲ್ಲ. ಬೋರ್ಲ್ಯಾಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಮುಗಳು ಆರಂಭದಲ್ಲೇ ಪ್ರೊಸೆಸರಿನ ವೇಗ ಅಳೆಯುತ್ತಿದ್ದವು: ಗಡಿಯಾರದ ಒಂದು ಟಿಕ್, ಅಂದರೆ ಸುಮಾರು 55 ಮಿಲಿಸೆಕೆಂಡಿನಲ್ಲಿ ಒಂದು ಖಾಲಿ ಲೂಪ್ ಎಷ್ಟು ಸುತ್ತು ಹೊಡೆಯುತ್ತದೆ ಎಂದು ಎಣಿಸಿ, ಅದನ್ನು 55ರಿಂದ ಭಾಗಿಸುವುದು. ಉತ್ತರಕ್ಕೆ ಇಟ್ಟ ಜಾಗ 16 ಬಿಟ್. 65,535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ಸುತ್ತುಗಳು ಸುಮಾರು 36 ಲಕ್ಷ ದಾಟಿದವೋ, ಭಾಗಲಬ್ಧ ತುಂಬಿ ಚೆಲ್ಲುತ್ತದೆ. ಪ್ರೊಸೆಸರ್ ಈ ದೋಷಕ್ಕೂ ಸೊನ್ನೆಯ ದೋಷಕ್ಕೂ ಒಂದೇ ಗಂಟೆ ಬಾರಿಸುವುದರಿಂದ ನಮಗೆ ಕಾಣುವುದು 200. ಯಂತ್ರ ಕೆಟ್ಟಿಲ್ಲ, ಅತಿ ಚುರುಕಾಗಿದೆ! ಬೋರ್ಲ್ಯಾಂಡ್‌ನವರನ್ನು ನೋಡಿ ನಗುವ ಮೊದಲು ಇದನ್ನೂ ಕೇಳಿ: ವಿಂಡೋಸ್ 95 ಕೂಡ 350 ಮೆಗಾಹರ್ಟ್ಸ್ ಅಥವಾ ಅದಕ್ಕೂ ವೇಗದ ಎಎಂಡಿ ಕೆ6-2 ಪ್ರೊಸೆಸರಿನ ಮೇಲೆ ಇಂಥದ್ದೇ ಲೆಕ್ಕದಲ್ಲಿ ಎಡವಿ ಬೂಟ್ ಆಗುವಾಗಲೇ ಕುಸಿಯುತ್ತಿತ್ತು. ಮೈಕ್ರೋಸಾಫ್ಟ್ ತೇಪೆ ಹಾಕಬೇಕಾಯಿತು.

ಆಟದ ಎರರ್ 200ಕ್ಕೆ ಪರಿಹಾರ ಎರಡಿವೆ. ಆಟದ ಫೈಲನ್ನೇ ಪ್ಯಾಚ್ ಮಾಡುವುದು ಒಂದು. ಬಯೋಸ್‌ನಲ್ಲಿ ಕ್ಯಾಶ್ ಆಫ್ ಮಾಡಿ ಪೆಂಟಿಯಮ್ಮನ್ನು 386ರ ನಡಿಗೆಗೆ ಇಳಿಸುವುದು ಇನ್ನೊಂದು. ಮೂಲ ಫೈಲು ಮುಟ್ಟಬಾರದು ಎನ್ನುವ ಮಡಿವಂತರು ಎರಡನೆಯದನ್ನು ಹಿಡಿಯುತ್ತಾರೆ. ನನಗೆ ಆ ಮಡಿ ಇಲ್ಲ. ಒಂದು ಭಾಗಾಕಾರದ ತಪ್ಪಿಗೆ ಇಡೀ ಯಂತ್ರವನ್ನು ಕುಂಟಿಸುವುದು ಯಾವ ನ್ಯಾಯ?

ಆಟ ಶುರುವಾಗಿ, ಸಂಗೀತವೂ ಬಂದು, ಮೊದಲ ಗುಂಡು ಹಾರಿದ ಕ್ಷಣಕ್ಕೆ ಎಲ್ಲ ಸ್ತಬ್ಧವಾದರೆ ನನ್ನ ಗುಮಾನಿ ನೇರವಾಗಿ ಸೌಂಡ್ ಕಾರ್ಡಿನ ಮೇಲೆ. ಸೌಂಡ್ ಬ್ಲಾಸ್ಟರ್‌ನಲ್ಲಿ ಸಂಗೀತ ನುಡಿಸುವುದು ಯಮಹಾ ಚಿಪ್ಪು. ಅದಕ್ಕೆ ಆಟ ನೇರ ಆಜ್ಞೆ ಕೊಡುತ್ತದೆ, ಉತ್ತರಕ್ಕೆ ಕಾಯಬೇಕಿಲ್ಲ. ಗುಂಡಿನ ಸದ್ದು, ಮಾತು, ಚೀರಾಟಗಳ ದಾರಿಯೇ ಬೇರೆ: ಡಿಎಂಎ ಮೂಲಕ, ಅಂದರೆ ಮೆಮೊರಿಯಿಂದ ನೇರವಾಗಿ ಬಂದ ಒಂದು ತುಂಡು ನುಡಿಸಿ ಮುಗಿಸಿದಾಗ ಕಾರ್ಡು ಇಂಟರಪ್ಟ್, ಅಂದರೆ ‘ಮುಗಿಯಿತು’ ಎಂಬ ಕೂಗು, ಕಳಿಸಬೇಕು. ಕಾರ್ಡು ಇಂಟರಪ್ಟ್ ನಂಬರ್ 7ರಲ್ಲಿ ಕೂಗುತ್ತಿದ್ದು, ಆಟ 5ರಲ್ಲಿ ಕಿವಿಗೊಟ್ಟು ಕೂತಿದ್ದರೆ ಆ ಕಾಯುವಿಕೆಗೆ ಕೊನೆಯೇ ಇಲ್ಲ. ಹಳೆಯ ಸೌಂಡ್ ಬ್ಲಾಸ್ಟರ್‌ಗಳು 7ಕ್ಕೇ ಹೊಂದಿಸಿ ಬರುತ್ತಿದ್ದವು. ಪ್ರಿಂಟರ್ ಪೋರ್ಟಿನದೂ ಅದೇ ನಂಬರು. ಆಟೋಎಕ್ಸೆಕ್ ಫೈಲಿನ ‘ಬ್ಲಾಸ್ಟರ್’ ಸಾಲಿನಲ್ಲಿ ‘ಐ’ ಅಕ್ಷರದ ಮುಂದೆ ಯಾವ ಅಂಕಿ ಇದೆ, ಕಾರ್ಡಿನ ಜಂಪರ್ ಎಲ್ಲಿ ಕೂತಿದೆ, ಆಟದ ಸೆಟಪ್ ಏನನ್ನುತ್ತದೆ – ಮೂರೂ ತಾಳೆಯಾಗಬೇಕು. ಇಂಥ ಹೊತ್ತಲ್ಲಿ ನಮ್‌ಲಾಕ್ ಒತ್ತಿ ದೀಪ ನೋಡುವ ಹಳೇ ಚಾಳಿಯೊಂದಿದೆ. ದೀಪ ಬದಲಾದರೆ ಒಳಗೆ ಇನ್ನೂ ಜೀವವಿದೆ. ಆದರೆ ಎಷ್ಟೋ ಆಟಗಳು ಕೀಬೋರ್ಡನ್ನು ತಾವೇ ವಹಿಸಿಕೊಂಡಿರುತ್ತವೆ. ದೀಪ ಕದಲಲಿಲ್ಲವೆಂದು ಯಂತ್ರ ಸತ್ತಿತು ಅನ್ನಲಾಗದು.

ಮೆಮೊರಿಯ ತಕರಾರುಗಳದ್ದೇ ಒಂದು ಪುರಾಣ. ಒಂದನ್ನಷ್ಟೇ ಹೇಳುತ್ತೇನೆ. ‘ಪ್ಯಾಕ್ಡ್ ಫೈಲ್ ಈಸ್ ಕರಪ್ಟ್’ ಎಂದು ಬಂದರೆ ಫ್ಲಾಪಿಯನ್ನು ಶಪಿಸಬೇಡಿ. 1991ರಲ್ಲಿ ಬಂದ ಡಾಸ್ 5 ತಾನು ಮೇಲಿನ ಮೆಮೊರಿಗೆ ಏರಿ ಕೂತು ಕೆಳಗಿನ 64ಕೆಯಲ್ಲಿ ಜಾಗ ಬಿಟ್ಟುಕೊಟ್ಟಿತು. ಅಷ್ಟು ಕೆಳಗೆ ಜಾಗ ಸಿಗಬಹುದೆಂದು ಹಳೇ ಪ್ರೋಗ್ರಾಮುಗಳು ಕನಸಿನಲ್ಲೂ ಎಣಿಸಿರಲಿಲ್ಲ. ಡಾಸ್‌ನಲ್ಲೇ ಇರುವ ‘ಲೋಡ್‌ಫಿಕ್ಸ್’ ಆದೇಶವನ್ನು ಆಟದ ಹೆಸರಿಗೆ ಮೊದಲು ಸೇರಿಸಿ, ಆಟ ಆ 64ಕೆಯ ಮೇಲಿನಿಂದ ಓಡುತ್ತದೆ.

ಇವೆಲ್ಲ ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲುವ ಆಟಗಳ ಕಥೆ. ಇವತ್ತು ಮೊದಲ ಹಂತದಲ್ಲಿ, ನಾಳೆ ಮೆನುವಿನಲ್ಲಿ, ನಾಡಿದ್ದು ಅರ್ಧ ಗಂಟೆ ಆಡಿದ ಮೇಲೆ ನಿಂತರೆ ಮಾತ್ರ ಪೆಟ್ಟಿಗೆ ಬಿಚ್ಚಿ. ರ‍್ಯಾಮ್ ತೆಗೆದು ಕೂರಿಸಿ, ಮೆಮ್‌ಟೆಸ್ಟ್ ಅನ್ನು ರಾತ್ರಿಯಿಡೀ ಓಡಿಸಿ. ಪ್ರೊಸೆಸರ್ ಫ್ಯಾನು ತಿರುಗುತ್ತಿದೆಯೇ ನೋಡಿ. 2000ದ ಆಸುಪಾಸಿನ ಬೋರ್ಡಾದರೆ ತಲೆ ಊದಿದ ಕೆಪ್ಯಾಸಿಟರ್‌ಗಳನ್ನು ಹುಡುಕಿ. ಒಂದು ಊದಿದ್ದರೂ ಆ ಸಾಲಿನ ಎಲ್ಲವನ್ನೂ ಬದಲಿಸಿ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದೆ, 105 ಡಿಗ್ರಿಯ ಲೋ ಇಎಸ್‌ಆರ್ ಎಂದು ಒತ್ತಿ ಕೇಳಿ, ಇಲ್ಲವಾದರೆ ಸಿಕ್ಕಿದ್ದನ್ನು ಕೊಟ್ಟು ಕಳಿಸುತ್ತಾರೆ. 386, 486 ಬೋರ್ಡಾದರೆ ಕೀಬೋರ್ಡ್ ಕನೆಕ್ಟರಿನ ಸುತ್ತ ಪೀಪಾಯಿಯಾಕಾರದ ಪುಟ್ಟ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಇದೆಯೇ ನೋಡಿ. ಸೋರಿರಲಿ, ಬಿಡಲಿ, ಅದನ್ನು ಇವತ್ತೇ ಕತ್ತರಿಸಿ ತೆಗೆಯಿರಿ. ಹಸಿರು ಕಿಲುಬು ಕಂಡರೆ ಬಿಳಿ ವಿನೆಗರ್‌ನಲ್ಲಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಕರೆಂಟು ಕೊಡಿ.